ಕಾರ್ಡಿಫ್ ಕೊಲ್ಲಿಯಲ್ಲಿ ಪ್ರಶ್ನೆಗಳ ಮಂಗಳವಾರ

ಕೊಲ್ಲಿಯ ಕಡೆಯಿಂದ ಗಾಳಿ ಬೀಸುತ್ತಲೇ ಇರುತ್ತದೆ. ಕಡಲಹಕ್ಕಿಗಳು ಅದಕ್ಕೆ ಎದೆಗೊಟ್ಟು ನಿಂತಲ್ಲೇ ತೇಲುತ್ತವೆ. ಒಂದು ಕಾಲಕ್ಕೆ ವೇಲ್ಸ್‌ನ ಕಣಿವೆಗಳಿಂದ ಇಳಿದು ಬಂದ ಕಲ್ಲಿದ್ದಲು ಇಲ್ಲಿನ ಹಡಗುಕಟ್ಟೆಗಳಿಂದಲೇ ಜಗತ್ತಿನ ಬಂದರುಗಳಿಗೆ ಹೋಗುತ್ತಿತ್ತು. ಈಗ ಆ ಕರಿ ಧೂಳೂ ಇಲ್ಲ, ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಒಡ್ಡು ಕಟ್ಟಿದ ಮೇಲೆ ಉಬ್ಬರವಿಳಿತವೂ ಇಲ್ಲ. ನಿಂತ ಸಿಹಿನೀರಿನ ದಂಡೆಯಲ್ಲಿ 1897ರಲ್ಲಿ ಬಂದರು ಕಂಪನಿ ಕಟ್ಟಿಸಿದ ಪಿಯರ್‌ಹೆಡ್ ಎಂಬ ಕೆಂಪು ಕಟ್ಟಡ, ಅದರ ಗಡಿಯಾರದ ಗೋಪುರ. ಅದರ ಮಗ್ಗುಲಲ್ಲಿ ಸ್ಲೇಟ್ ಕಲ್ಲಿನ ಅಗಲವಾದ ಮೆಟ್ಟಿಲುಗಳು. ಮೆಟ್ಟಿಲ ಮೇಲೆ ಮೈಯೆಲ್ಲ ಗಾಜಾದ, ಅಲೆಯಲೆಯಾಗಿ ಬಾಗಿದ ಚಾವಣಿಯ ಒಂದು ಕಟ್ಟಡ. ಅದೇ ಸೆನೆದ್, ವೇಲ್ಸ್‌ನ ಶಾಸನಸಭೆ.

ವಾಸ್ತುಶಿಲ್ಪಿ ರಿಚರ್ಡ್ ರೋಜರ್ಸ್ ರೂಪಿಸಿದ ಈ ಕಟ್ಟಡವನ್ನು 2006ರ ಮಾರ್ಚ್ 1ರಂದು, ವೇಲ್ಸ್ ಜನರ ಸಂತ ಡೇವಿಡ್‌ನ ಹಬ್ಬದ ದಿನ, ರಾಣಿ ಎಲಿಜಬೆತ್ ಉದ್ಘಾಟಿಸಿದರು. ಹೊರಗೆ ನಿಂತವರಿಗೆ ಒಳಗಿನ ಓಡಾಟ ಕಾಣಬೇಕು, ಒಳಗಿದ್ದವರಿಗೆ ಹೊರಗಿನ ಊರು ಕಾಣಬೇಕು ಎಂಬುದು ಇಷ್ಟೊಂದು ಗಾಜಿನ ಹಿಂದಿನ ಯೋಚನೆ. ಚಾವಣಿಗೆ ಸೀಡರ್ ಮರದ ಪಟ್ಟಿಗಳನ್ನು ಹೊದಿಸಿದ್ದಾರೆ. ನಡುವೆ ಅದು ದೊಡ್ಡ ಆಲಿಕೆಯ ಆಕಾರದಲ್ಲಿ ಕೆಳಗಿಳಿದು ಸಭಾಂಗಣದ ನೆತ್ತಿಗೆ ಬಂದು ನಿಲ್ಲುತ್ತದೆ. ಆಲಿಕೆಯ ತುದಿಯಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ಮುಚ್ಚಳವಿದೆ. ಒಳಗಿನ ಬಿಸಿಗಾಳಿ ಅಲ್ಲಿಂದ ಹೊರಹೋಗುತ್ತದೆ, ಹಗಲ ಬೆಳಕು ಅಲ್ಲಿಂದಲೇ ಒಳಬರುತ್ತದೆ.

ಈ ನುಡಿಚಿತ್ರದ ಸದನ 2023–24ರ ಆಸುಪಾಸಿನದು. ಆಗ ಸದಸ್ಯರು 60 ಮಂದಿ. 2021ರ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಸಿಕ್ಕಿದ್ದು ಸರಿಯಾಗಿ ಅರ್ಧ, 30 ಸ್ಥಾನ. ಕನ್ಸರ್ವೇಟಿವ್ 16, ವೇಲ್ಸ್‌ನ ನಾಡಪಕ್ಷವಾದ ಪ್ಲೈಡ್ ಕಮ್ರಿ 13, ಲಿಬರಲ್ ಡೆಮಾಕ್ರಟ್ 1.

ಮಂಗಳವಾರ ಮಧ್ಯಾಹ್ನ ಒಂದೂವರೆ ಹತ್ತಿರವಾಗುತ್ತಿದ್ದಂತೆ ಸಾರ್ವಜನಿಕರ ಗ್ಯಾಲರಿ ತುಂಬುತ್ತದೆ. ಸಮವಸ್ತ್ರ ತೊಟ್ಟ ಶಾಲೆಯ ಮಕ್ಕಳು, ದೂರದ ಊರಿನಿಂದ ಬಂದ ನಿವೃತ್ತರು, ಯಾವುದೋ ಬೇಡಿಕೆಯ ಪಟ್ಟಿ ಹಿಡಿದ ಸಂಘದವರು. ಕೆಳಗೆ ವರ್ತುಲಾಕಾರದ ಸದನ. ಎದುರುಬದುರು ಬೆಂಚುಗಳಲ್ಲಿ ಕೂತು ಕೂಗಾಡುವ ಲಂಡನ್ ಪದ್ಧತಿ ಬೇಡವೆಂದೇ ಹೀಗೆ ದುಂಡಗೆ ಕೂರಿಸಿದ್ದಾರೆ. ಪ್ರತಿ ಸದಸ್ಯರ ಮುಂದೆ ಕಂಪ್ಯೂಟರ್ ಪರದೆ, ಮೈಕು, ಹೆಡ್‌ಫೋನ್. ಮತ ಹಾಕಲು ಎದ್ದು ಹೋಗುವ ಕೆಲಸವಿಲ್ಲ. ಮೇಜಿನ ಮೇಲಿನ ಗುಂಡಿ ಒತ್ತಿದರಾಯಿತು. ನಮ್ಮ ಪತ್ರಿಕೆಗಳು ‘ಸದನದ ಬಾವಿ’ ಎಂದು ಕರೆಯುವ ಜಾಗದಲ್ಲಿ ಇಲ್ಲಿ ನೀಲಿ, ಹೊನ್ನಿನ ಬಣ್ಣದ ಗಾಜಿನ ಕಲಾಕೃತಿಯೊಂದನ್ನು ನೆಲಕ್ಕೆ ಹಾಸಿ ಅಡಿಯಿಂದ ದೀಪ ಬೆಳಗಿದ್ದಾರೆ. ಅಲ್ಲಿಗಿಳಿದು ಧರಣಿ ಕೂರುವ ರೂಢಿ ಇಲ್ಲಿಲ್ಲ.

ಸಭಾಧ್ಯಕ್ಷೆ ಎಲಿನ್ ಜೋನ್ಸ್ ಬಂದು ಪೀಠದಲ್ಲಿ ಕೂರುತ್ತಾರೆ. ಪ್ಲೈಡ್ ಕಮ್ರಿಯಿಂದ ಗೆದ್ದವರಾದರೂ ಪೀಠವೇರಿದ ಮೇಲೆ ಪಕ್ಷ ಹಿಂದಕ್ಕೆ ಸರಿಯಿತು. ಕಲಾಪ ಶುರುವಾಗುವುದು ವೆಲ್ಶ್ ಭಾಷೆಯಲ್ಲಿ. ಗ್ಯಾಲರಿಯಲ್ಲಿದ್ದ ಅರ್ಧಕ್ಕರ್ಧ ಜನ ತಡಬಡಿಸಿ ಹೆಡ್‌ಫೋನ್ ಕಿವಿಗೇರಿಸುತ್ತಾರೆ. ಮೊದಲ ಬಾಬತ್ತು ಪ್ರಶ್ನೋತ್ತರ. ಉತ್ತರ ಕೊಡಬೇಕಾದವರು ಫಸ್ಟ್ ಮಿನಿಸ್ಟರ್, ಅಂದರೆ ನಮ್ಮ ಮುಖ್ಯಮಂತ್ರಿಯ ಸ್ಥಾನದಲ್ಲಿರುವವರು.

ಯಾರ ಪ್ರಶ್ನೆ ಮೊದಲು ಎಂಬುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟದಿಂದಲೇ ಆರಿಸುತ್ತಾರೆ. ಆಯ್ಕೆಯಾದ ಪ್ರಶ್ನೆ ಕೆಲ ದಿನ ಮೊದಲೇ ಕಾರ್ಯಸೂಚಿಯಲ್ಲಿ ಅಚ್ಚಾಗಿರುತ್ತದೆ. ಉತ್ತರ ವೇಲ್ಸ್‌ನ ದಂತವೈದ್ಯ ಸೇವೆಯ ಕುರಿತು ಫಸ್ಟ್ ಮಿನಿಸ್ಟರ್ ಹೇಳಿಕೆ ನೀಡುವರೇ, ಇಂಥ ಜಿಲ್ಲೆಯ ಬಸ್ ಸೌಕರ್ಯಕ್ಕೆ ಸರ್ಕಾರ ಏನು ಮಾಡುತ್ತಿದೆ ಎಂದು ತಿಳಿಸುವರೇ, ಇದೇ ಧಾಟಿ. ವಿಧಾನಸಭೆಯ ಚುಕ್ಕೆ ಗುರುತಿನ ಪ್ರಶ್ನೆಗಳನ್ನು ಓದಿದವರಿಗೆ ಈ ವಾಕ್ಯರಚನೆ ಹೊಸದಲ್ಲ. ಎರಡರ ತಾಯಿಬೇರೂ ವೆಸ್ಟ್‌ಮಿನ್‌ಸ್ಟರ್‌ನಲ್ಲಿದೆ. ಅಧಿಕಾರಿಗಳು ಬರೆದುಕೊಟ್ಟ ಎರಡು ಸಾಲನ್ನು ಫಸ್ಟ್ ಮಿನಿಸ್ಟರ್ ಎದ್ದುನಿಂತು ಓದಿ ಕೂರುತ್ತಾರೆ. ಇಷ್ಟು ಹಣ ಕೊಟ್ಟಿದ್ದೇವೆ, ಇಂಥ ಯೋಜನೆ ಜಾರಿಯಲ್ಲಿದೆ. ಆ ಎರಡು ಸಾಲಿಗಾಗಿ ಯಾರೂ ಗ್ಯಾಲರಿಗೆ ಬಂದಿರುವುದಿಲ್ಲ. ಆಟ ಶುರುವಾಗುವುದು ಉಪಪ್ರಶ್ನೆಯಿಂದ. ಅದರಲ್ಲಿ ಏನಿದೆ ಎಂಬುದು ಕೇಳುವವರಿಗಷ್ಟೇ ಗೊತ್ತು. ಅದನ್ನು ಊಹಿಸಿಯೇ ಫಸ್ಟ್ ಮಿನಿಸ್ಟರ್ ಎದುರಿನ ದಪ್ಪ ಕಡತಕ್ಕೆ ಬಣ್ಣಬಣ್ಣದ ಗುರುತುಚೀಟಿ ಅಂಟಿಸಿರುತ್ತಾರೆ.

ಎರಡನೇ ಪ್ರಶ್ನೆ ಮುಗಿದದ್ದೇ ಸದನದಲ್ಲಿ ಸಣ್ಣ ಸಂಚಲನ. ಈಗ ವಿರೋಧ ಪಕ್ಷದ ನಾಯಕರ ಸರದಿ. ಇವರು ಪ್ರಶ್ನೆಯನ್ನು ಮೊದಲೇ ಬರೆದುಕೊಡಬೇಕಿಲ್ಲ. ಒಬ್ಬೊಬ್ಬರಿಗೆ ಮೂರು ಪ್ರಶ್ನೆ. ಕನ್ಸರ್ವೇಟಿವ್ ನಾಯಕ ಆಂಡ್ರ್ಯೂ ಆರ್. ಟಿ. ಡೇವಿಸ್ ವೃತ್ತಿಯಲ್ಲಿ ರೈತರು, ದನಿ ದೊಡ್ಡದು. ಪ್ಲೈಡ್ ಕಮ್ರಿಯ ರುನ್ ಅಪ್ ಯೊರ್ವರ್ತ್ ಹಿಂದೆ ಬಿಬಿಸಿಯಲ್ಲಿ ಪತ್ರಕರ್ತರಾಗಿದ್ದವರು. ವೆಲ್ಶ್‌ನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ವೆಲ್ಶ್‌ಗೆ ಸಲೀಸಾಗಿ ಹೊರಳುತ್ತಾರೆ. ಉತ್ತರಿಸುವ ಮಾರ್ಕ್ ಡ್ರೇಕ್‌ಫರ್ಡ್ ಸಾಮಾಜಿಕ ನೀತಿಯ ಪ್ರಾಧ್ಯಾಪಕರಾಗಿದ್ದವರು. ಮೊದಲ ಉತ್ತರದಲ್ಲಿ ಪಾಠ ಹೇಳುವ ತಾಳ್ಮೆ, ಮೂರನೆಯದರ ಹೊತ್ತಿಗೆ ದನಿ ಏರಿ ಕೈಬೆರಳು ಗಾಳಿಯಲ್ಲಿ.

ಹೆಚ್ಚಾಗಿ ಕೇಳಿಬರುವುದು ಆಸ್ಪತ್ರೆಯ ಸುದ್ದಿ. ವೇಲ್ಸ್‌ನ ಬಜೆಟ್‌ನಲ್ಲಿ ದೊಡ್ಡ ಪಾಲು ಆರೋಗ್ಯಕ್ಕೆ ಹೋಗುತ್ತದೆ. ಇಡೀ ನಾಡಿಗೆ ಏಳು ಆರೋಗ್ಯ ಮಂಡಳಿಗಳು. ಉತ್ತರದ ಬೆಟ್ಸಿ ಕಡ್ವಾಲಡರ್ ಮಂಡಳಿಯನ್ನು 2015ರಲ್ಲಿ ಸರ್ಕಾರ ವಿಶೇಷ ನಿಗಾಕ್ಕೆ ಒಳಪಡಿಸಿತು, 2020ರಲ್ಲಿ ಬಿಡಿಸಿತು, 2023ರ ಫೆಬ್ರುವರಿಯಲ್ಲಿ ಮತ್ತೆ ಒಳಪಡಿಸಿತು. ಐದು ವರ್ಷ ನಿಗಾ ಇಟ್ಟೂ ಮರಳಿ ಅದೇ ಕಡೆಗೆ ಬಂದಿರಲ್ಲ, ಹಾಗಾದರೆ ಬಿಡಿಸಿದ್ದು ಯಾವ ಆಧಾರದ ಮೇಲೆ? ಇಂಥ ಪ್ರಶ್ನೆಗೆ ಬರೆದಿಟ್ಟ ಉತ್ತರ ಸಾಲುವುದಿಲ್ಲ.

ಚಿಕಿತ್ಸೆಗೆ ಕಾಯುವವರ ಪಟ್ಟಿಯದು ಇನ್ನೊಂದು ಜಗ್ಗಾಟ. 31 ಲಕ್ಷ ಜನಸಂಖ್ಯೆಯ ನಾಡಿನಲ್ಲಿ 2024ರ ಕೊನೆಯ ಹೊತ್ತಿಗೆ ಆ ಪಟ್ಟಿ 8 ಲಕ್ಷ ದಾಟಿತು. ವಿರೋಧ ಪಕ್ಷ 8 ಲಕ್ಷವನ್ನೇ ಒತ್ತಿ ಹೇಳುತ್ತದೆ. ಸರ್ಕಾರ ತಿದ್ದುತ್ತದೆ: ಅದು ಚಿಕಿತ್ಸೆಗಳ ಲೆಕ್ಕ, ಜನರದ್ದಲ್ಲ. ಮಂಡಿಗೂ ಕಣ್ಣಿಗೂ ಚಿಕಿತ್ಸೆ ಬೇಕಾದ ಒಬ್ಬ ಅಜ್ಜಿ ಅಲ್ಲಿ ಎರಡು ಸಲ ಎಣಿಕೆಯಾಗುತ್ತಾರೆ. ವ್ಯಕ್ತಿಗಳ ಸಂಖ್ಯೆ 6 ಲಕ್ಷದ ಆಸುಪಾಸು. ಆಗ ಪ್ರಶ್ನಿಸುವವರು, ಸರಿ, ಐವರಲ್ಲಿ ಒಬ್ಬರು ಕಾಯುತ್ತಿದ್ದಾರೆಂದು ಒಪ್ಪಿದಿರಲ್ಲ, ಎನ್ನುತ್ತಾರೆ. ತಿದ್ದುಪಡಿಯೇ ತಪ್ಪೊಪ್ಪಿಗೆಯಾಗುವ ಆ ಗಳಿಗೆಯಲ್ಲಿ ಸದನ ಗೊಳ್ಳೆಂದು ನಗುತ್ತದೆ. ಅಂಕಿ ಯಾರದ್ದೂ ಸುಳ್ಳಲ್ಲ. ಆದರೆ ಎರಡೂ ಲೆಕ್ಕ ಒಂದೇ ಪುಟದಲ್ಲಿ ದಾಖಲಾದದ್ದು ಈ ಕೆಣಕಾಟದಿಂದ. ಸದನದ ನಡಾವಳಿ ಎರಡೂ ಭಾಷೆಗಳಲ್ಲಿ ಪ್ರಕಟವಾಗುತ್ತದೆ. ವೆಲ್ಶ್‌ನಲ್ಲಿ ಆಡಿದ್ದು ಇಂಗ್ಲಿಷಿಗೆ, ಇಂಗ್ಲಿಷಿನಲ್ಲಿ ಆಡಿದ್ದು ವೆಲ್ಶ್‌ಗೆ. ಹಾಗೆ ಹೇಳಲಿಲ್ಲ ಎಂದು ಆಮೇಲೆ ಯಾರೂ ಜಾರಿಕೊಳ್ಳುವಂತಿಲ್ಲ.

2023ರ ಸೆಪ್ಟೆಂಬರ್ 17ರ ನಂತರದ ಮಂಗಳವಾರಗಳು ತೀರ ಬಿಸಿಯಾಗಿದ್ದವು. ಊರೊಳಗಿನ ರಸ್ತೆಗಳ ಸಾಮಾನ್ಯ ವೇಗಮಿತಿ ಅಂದಿನಿಂದ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರಿನಿಂದ 32ಕ್ಕೆ. ಮಕ್ಕಳ ಜೀವ ಉಳಿಯುತ್ತದೆ, ಜನ ನಿರ್ಭಯವಾಗಿ ನಡೆದಾಡುತ್ತಾರೆ ಎಂಬುದು ಸರ್ಕಾರದ ವಾದ. ಪ್ರಯಾಣದ ಸಮಯ ಹೆಚ್ಚಿ ಆರ್ಥಿಕತೆಗೆ 450 ಕೋಟಿ ಪೌಂಡ್ ಹೊರೆ ಬೀಳುತ್ತದೆಂದು ನಿಮ್ಮದೇ ಅಂದಾಜು ಹೇಳುತ್ತದೆ ಎಂಬುದು ವಿರೋಧ ಪಕ್ಷದ ಪಟ್ಟು. ಸಾರಾಸಗಟಾಗಿ ಹೇರಿದ್ದೀರಿ ಎಂದು ಅವರು. ಇಲ್ಲ, ವಿನಾಯಿತಿ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿದೆ ಎಂದು ಇವರು. ಸದನದ ಅರ್ಜಿ ವಿಭಾಗಕ್ಕೆ ಈ ನಿಯಮ ರದ್ದಾಗಲಿ ಎಂಬ ಮನವಿ ಬಂತು. 10,000 ಸಹಿ ದಾಟಿದರೆ ಚರ್ಚೆಗೆ ಪರಿಗಣಿಸುವ ನಿಯಮವಿರುವ ಕಡೆ ಅದಕ್ಕೆ ಬಿದ್ದದ್ದು 4.69 ಲಕ್ಷ ಸಹಿ. ಆ ಸದನದ ಚರಿತ್ರೆಯಲ್ಲಿ ಅಷ್ಟು ಸಹಿ ಕಂಡ ಅರ್ಜಿ ಬೇರೊಂದಿರಲಿಲ್ಲ.

ವೇಗಮಿತಿಯ ವಿಷಯದಲ್ಲಿ ಗಮನಿಸಬೇಕಾದ್ದೆಂದರೆ, ಸರ್ಕಾರಕ್ಕೆ ಬೇರೆ ಯಾರ ಕಡೆಗೂ ಬೊಟ್ಟು ಮಾಡುವ ಅವಕಾಶವಿರಲಿಲ್ಲ. ರಸ್ತೆ ಅವರದು, ಕಾನೂನು ಅವರದು, ಫಲಕ ನೆಟ್ಟ ಹಣವೂ ಅವರದು. ಆದ್ದರಿಂದಲೇ ಪ್ರಶ್ನೆ ಚುರುಕಾಗಿತ್ತು, ಉತ್ತರವೂ ನೇರವಾಗಿತ್ತು: ಹೌದು, ಮಾಡಿದ್ದೇವೆ, ಇಂಥ ಕಾರಣಕ್ಕೆ. 2024ರ ವಸಂತದಲ್ಲಿ ಹೊಸದಾಗಿ ಸಾರಿಗೆ ಹೊಣೆ ಹೊತ್ತ ಕೆನ್ ಸ್ಕೇಟ್ಸ್ ಮಾರ್ಗಸೂಚಿ ಬದಲಿಸಿ, ಕೆಲವು ರಸ್ತೆಗಳಿಗೆ ಹಳೆಯ ಮಿತಿ ಮರಳುವ ದಾರಿ ತೆರೆದರು. ಮೂಲ ನೀತಿ ಮಾತ್ರ ಉಳಿಯಿತು.

ಎಲ್ಲ ವಿಷಯಕ್ಕೂ ಹೊಣೆ ಇಷ್ಟು ಸ್ಪಷ್ಟವಾಗಿರುವುದಿಲ್ಲ. ವೇಲ್ಸ್‌ಗೆ ಆರೋಗ್ಯ, ಶಿಕ್ಷಣ, ಕೃಷಿ, ವಸತಿ, ಪರಿಸರ, ಸ್ಥಳೀಯ ಆಡಳಿತ ಬಂದಿವೆ. ಪೊಲೀಸ್, ನ್ಯಾಯಾಲಯ, ರಕ್ಷಣೆ, ವಿದೇಶಾಂಗ, ರೈಲುಹಳಿ ಲಂಡನ್‌ನಲ್ಲೇ ಉಳಿದಿವೆ. ಹಣದ ಬಹುಪಾಲು ಬರುವುದು ಬಾರ್ನೆಟ್ ಸೂತ್ರವೆಂಬ ಲೆಕ್ಕದ ಮೂಲಕ. ಇಂಗ್ಲೆಂಡ್‌ನಲ್ಲಿ ವೇಲ್ಸ್‌ಗೆ ಬಂದಿರುವ ವಿಷಯಗಳಿಗೆ ಖರ್ಚು ಹೆಚ್ಚಿದರೆ ಜನಸಂಖ್ಯೆಗೆ ತಕ್ಕ ಪಾಲು ಇಲ್ಲಿಗೂ. ಪಾಲಾದ ಮನೆಯ ನಡುಗೋಡೆ ಸೋರಿದಾಗ ಅಣ್ಣ ತಮ್ಮನತ್ತ, ತಮ್ಮ ಅಣ್ಣನತ್ತ ನೋಡುವಂತೆ ಎಷ್ಟೋ ಪ್ರಶ್ನೆಗಳು ಈ ಎರಡು ಊರುಗಳ ನಡುವೆ ನಿಂತುಬಿಡುತ್ತವೆ.

ಲಂಡನ್‌ನಿಂದ ಉತ್ತರಕ್ಕೆ ಹೊರಟ ಎಚ್‌ಎಸ್2 ಎಂಬ ಅತಿವೇಗದ ರೈಲು ಮಾರ್ಗವನ್ನೇ ನೋಡಿ. ಅದರ ಒಂದು ಗಜ ಹಳಿಯೂ ವೇಲ್ಸ್ ನೆಲದಲ್ಲಿಲ್ಲ. ಆದರೂ ಲಂಡನ್ ಅದನ್ನು ‘ಇಂಗ್ಲೆಂಡ್ ಮತ್ತು ವೇಲ್ಸ್ ಯೋಜನೆ’ ಎಂದು ವರ್ಗೀಕರಿಸಿತು. ಹಾಗಾಗಿ ಸ್ಕಾಟ್ಲೆಂಡ್‌ಗೂ ಉತ್ತರ ಐರ್ಲೆಂಡ್‌ಗೂ ಸಿಕ್ಕ ಪಾಲು ವೇಲ್ಸ್‌ಗೆ ಸಿಗಲಿಲ್ಲ. 400 ಕೋಟಿ ಪೌಂಡ್ ಬರಬೇಕೆಂದು ಪ್ಲೈಡ್ ಕಮ್ರಿ ಲೆಕ್ಕ ಕೊಟ್ಟಿತು. ಲಂಡನ್‌ನಲ್ಲಿ ಕನ್ಸರ್ವೇಟಿವ್ ಸರ್ಕಾರ ಇರುವವರೆಗೆ ಕಾರ್ಡಿಫ್‌ನ ಲೇಬರ್ ಸಚಿವರಿಗೆ ಈ ಪ್ರಶ್ನೆ ಬಂದರೆ ಖುಷಿ. ಬಯ್ಯಲು ದೂರದ ಎದುರಾಳಿಯೊಬ್ಬ ಇದ್ದ. 2024ರ ಜುಲೈನಲ್ಲಿ ಲಂಡನ್‌ನಲ್ಲೂ ಲೇಬರ್ ಗೆದ್ದಿತು. ಮುಂದಿನ ಪ್ರಶ್ನೋತ್ತರಗಳಲ್ಲಿ ಅದೇ ಪ್ರಶ್ನೆ, ಅದೇ ಧಾಟಿ, ಆದರೆ ಉತ್ತರಿಸುವವರ ಮುಖಭಾವ ಬೇರೆ. ನಿಮ್ಮದೇ ಪಕ್ಷದ ಪ್ರಧಾನಿಯನ್ನು ಕೇಳಿದಿರಾ, ಯಾವತ್ತು ಕೇಳಿದಿರಿ, ಏನೆಂದರು? ಬೊಟ್ಟು ಮಾಡುತ್ತಿದ್ದ ಬೆರಳು ಮಡಿಸಿಕೊಳ್ಳಬೇಕಾಯಿತು.

ಕರ್ನಾಟಕದವರಿಗೆ ಈ ದೃಶ್ಯ ಅಪರಿಚಿತವೇನಲ್ಲ. ಬರ ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು, ದೆಹಲಿ ಕೊಡಲಿಲ್ಲ, ಬೆಂಗಳೂರು ಕೇಳಲಿಲ್ಲ ಎಂಬ ಮಾತುಗಳು ಸದನದಲ್ಲಿ ಹಾರಾಡಿದ್ದು ನೆನಪಿರಬಹುದು. ವ್ಯತ್ಯಾಸವೂ ಇದೆ. ನಮ್ಮ ರಾಜ್ಯಗಳ ಅಧಿಕಾರ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ವೇಲ್ಸ್‌ನ ಅಧಿಕಾರ ಲಂಡನ್ ಸಂಸತ್ತು ಮಾಡಿದ ಕಾಯಿದೆಗಳಿಂದ ಕಂತುಕಂತಾಗಿ ಬಂದದ್ದು. 1979ರಲ್ಲಿ ಸ್ವಂತ ಸಭೆ ಬೇಕೇ ಎಂದು ಜನಮತ ಕೇಳಿದಾಗ ಮತ ಹಾಕಿದ ಐವರಲ್ಲಿ ಒಬ್ಬರಷ್ಟೇ ಬೇಕೆಂದರು. 1997ರ ಸೆಪ್ಟೆಂಬರ್ 18ರಂದು ಮತ್ತೆ ಕೇಳಿದಾಗ ಗೆಲುವಿನ ಅಂತರ 6,721 ಮತ. 1999ರಲ್ಲಿ ಸಭೆ ಸೇರಿದಾಗ ಅದಕ್ಕೆ ಪೂರ್ಣಪ್ರಮಾಣದ ಶಾಸನ ರಚಿಸುವ ಹಕ್ಕೇ ಇರಲಿಲ್ಲ; 2011ರ ಜನಮತದ ನಂತರ ಅದು ದಕ್ಕಿತು.

ಆ ಎಳೆಯ ಸಭೆ ಹುಟ್ಟಿದ ವರ್ಷವೇ ತನ್ನ ಮೊದಲ ನಾಯಕನನ್ನು ಈ ನಡುಗೋಡೆಯ ಪ್ರಶ್ನೆಯಲ್ಲಿ ಸಿಕ್ಕಿಸಿತು. ಪಶ್ಚಿಮ ವೇಲ್ಸ್‌ನ ಮತ್ತು ಗಣಿ ಕಣಿವೆಗಳ ಬಡತನ ನೀಗಲು ಯುರೋಪಿಯನ್ ಒಕ್ಕೂಟ ದೊಡ್ಡ ನಿಧಿ ಕೊಡಲು ಮುಂದೆ ಬಂತು. ಅದಕ್ಕೆ ಸರಿಜೋಡಿಯಾಗಿ ಇಲ್ಲಿಂದಲೂ ಹಣ ಹಾಕಬೇಕು. ಆ ಹಣ ಲಂಡನ್ ಖಜಾನೆಯಿಂದ ಬರುತ್ತದೆಯೇ ಎಂದು ಸದಸ್ಯರು ಆ ನಾಯಕ ಆಲನ್ ಮೈಕೆಲ್ ಅವರನ್ನು ಕೇಳಿದರು, ಮತ್ತೆ ಕೇಳಿದರು. ಖಚಿತವಾದ ಉತ್ತರ ಅವರ ಬಳಿ ಇರಲಿಲ್ಲ, ಅದು ಅವರ ಕೈಯಲ್ಲೂ ಇರಲಿಲ್ಲ. 2000ದ ಫೆಬ್ರುವರಿ 9ರಂದು ಅವಿಶ್ವಾಸ ನಿರ್ಣಯ ಮತಕ್ಕೆ ಬರುವ ಮುನ್ನವೇ ಅವರು ರಾಜೀನಾಮೆ ಕೊಟ್ಟರು. ಲಂಡನ್ ಕಳಿಸಿದ ಮನುಷ್ಯ ಎಂಬ ಅಪವಾದ ಹೊತ್ತಿದ್ದವರು ಲಂಡನ್‌ನಿಂದ ಹಣದ ಮಾತು ತರಲಾಗದೆ ಇಳಿದರು. ಸದನಕ್ಕೊಂದು ಬೆನ್ನೆಲುಬಿದೆ ಎಂದು ವೇಲ್ಸ್‌ಗೆ ಗೊತ್ತಾದದ್ದು ಅಂದು.

ಕಲ್ಲಿದ್ದಲಿನ ಗುಡ್ಡೆಗಳ ವಿಷಯ ಇನ್ನೂ ಆಳದ್ದು. ಗಣಿಗಳು ಮುಚ್ಚಿ ದಶಕಗಳಾದರೂ ಅಗೆದು ಸುರಿದ ತ್ಯಾಜ್ಯದ ದಿಬ್ಬಗಳು ಕಣಿವೆಯ ಊರುಗಳ ತಲೆಯ ಮೇಲೆ ನಿಂತೇ ಇವೆ. ಲೆಕ್ಕ ಹಾಕಿದರೆ ವೇಲ್ಸ್‌ನಲ್ಲಿ 2,500ಕ್ಕೂ ಹೆಚ್ಚು. 1966ರ ಅಕ್ಟೋಬರ್ 21ರ ಬೆಳಿಗ್ಗೆ ಅಬರ್‌ವಾನ್ ಎಂಬ ಊರಿನ ಶಾಲೆಯ ಮೇಲೆ ಅಂಥದೊಂದು ದಿಬ್ಬ ಕುಸಿದು 116 ಮಕ್ಕಳೂ 28 ದೊಡ್ಡವರೂ ಸತ್ತರು. 2020ರ ಫೆಬ್ರುವರಿಯ ಮಳೆಗೆ ಟೈಲರ್ಸ್‌ಟೌನ್‌ನಲ್ಲಿ ಮತ್ತೊಂದು ದಿಬ್ಬ ಜಾರಿತು. ಕಣಿವೆಯಿಂದ ಗೆದ್ದ ಸದಸ್ಯರು ಇದನ್ನೆತ್ತಿದಾಗ ಸದನದ ಗೊಣಗಾಟ ತಾನಾಗಿ ನಿಲ್ಲುತ್ತದೆ. ಈ ದಿಬ್ಬಗಳು ಎದ್ದದ್ದು ಕಾರ್ಡಿಫ್‌ನಲ್ಲಿ ಸರ್ಕಾರವೇ ಇಲ್ಲದ ಕಾಲದಲ್ಲಿ, ಲಾಭ ಹೋದದ್ದು ಬ್ರಿಟನ್ನಿಗೆಲ್ಲ. ಶುಚಿ ಮಾಡುವ ಹಣವನ್ನು ಲಂಡನ್ ಕೊಡಬೇಕೆಂದು ಕಾರ್ಡಿಫ್. ಪರಿಸರ ನಿಮ್ಮ ಖಾತೆ, ನೀವೇ ನೋಡಿಕೊಳ್ಳಿ ಎಂದು ವರ್ಷಗಟ್ಟಲೆ ಲಂಡನ್. 2024ರ ಅಕ್ಟೋಬರ್ ಬಜೆಟ್‌ನಲ್ಲಿ 2.5 ಕೋಟಿ ಪೌಂಡ್ ಬಂತು. 2025ರಲ್ಲಿ ದಿಬ್ಬಗಳನ್ನು ನೋಡಿಕೊಳ್ಳಲೆಂದೇ ಒಂದು ಪ್ರಾಧಿಕಾರ ರಚಿಸುವ ಕಾಯಿದೆಯನ್ನು ಸೆನೆದ್ ಮಾಡಿತು. ಹಣ ಯಾರದಾದರೂ ಆಗಲಿ, ತಪಾಸಣೆ ಯಾರು ಮಾಡುತ್ತೀರಿ, ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ ಪ್ರಶ್ನೆಗಳು ಹಣದ ಜಗಳದಾಚೆಗೂ ಕೆಲಸ ಮಾಡಿದವು.

ಪ್ರಶ್ನೆ ಕೆಲವೊಮ್ಮೆ ಹೊರಗಿನಿಂದಲೂ ಬರುತ್ತದೆ. 2024ರ ಮಾರ್ಚ್ 6ರಂದು ಸೆನೆದ್‌ನ ಮೆಟ್ಟಿಲುಗಳ ಮೇಲೆ ಸಾಲು ಸಾಲಾಗಿ ರಬ್ಬರ್ ಬೂಟುಗಳು. ಕೊಟ್ಟಿಗೆ, ಕೆಸರು, ಮಳೆಗೆಲ್ಲ ರೈತರು ಹಾಕಿಕೊಳ್ಳುವ ಬೂಟು. ಒಟ್ಟು 5,500 ಜೊತೆ. ಹೊಸ ಕೃಷಿ ಸಹಾಯಧನ ಯೋಜನೆ ಪಡೆಯಬೇಕಾದರೆ ಪ್ರತಿ ರೈತ ತನ್ನ ಜಮೀನಿನ ಶೇ 10ರಷ್ಟರಲ್ಲಿ ಮರ, ಇನ್ನೊಂದು ಶೇ 10ರಲ್ಲಿ ವನ್ಯಜೀವಿಗೆ ನೆಲೆ ಇರಿಸಬೇಕು ಎಂದು ಸರ್ಕಾರ ಪ್ರಸ್ತಾವ ಮಾಡಿತ್ತು. ಅದರಿಂದ 5,500 ಉದ್ಯೋಗ ಹೋಗಬಹುದೆಂಬ ಅಂದಾಜು ಸರ್ಕಾರವೇ ಪ್ರಕಟಿಸಿದ ಅಧ್ಯಯನದಲ್ಲಿತ್ತು. ರೈತರು ಆ ಅಂಕಿಯನ್ನು ಎತ್ತಿಕೊಂಡು ಬೂಟುಗಳಲ್ಲಿ ಎಣಿಸಿ ಇಟ್ಟರು. ಕುರಿ ಮೇಯಿಸುವ ಗುಡ್ಡದವರ ಈ ವಾದವನ್ನು ಒಳಗೆ ಸದಸ್ಯರು ಉಪಪ್ರಶ್ನೆಗಳಾಗಿ ಬಿಡಿಸಿದರು: ಕಲ್ಲುಗುಡ್ಡದಲ್ಲಿ ಯಾವ ಮರ ನೆಡಬೇಕು, ಗೇಣಿಗೆ ಮಾಡುವವರು ಯಜಮಾನರ ಒಪ್ಪಿಗೆಯಿಲ್ಲದೆ ಹೇಗೆ ನೆಟ್ಟಾರು? ಆ ಅಂದಾಜು ಯೋಜನೆಯ ಹಳೆಯ ಕರಡಿನದು ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಮೇ ತಿಂಗಳಲ್ಲಿ ಹೊಸ ಸಚಿವ ಹ್ಯೂ ಇರಾಂಕಾ-ಡೇವಿಸ್ ಯೋಜನೆಯನ್ನು 2026ಕ್ಕೆ ಮುಂದೂಡಿದರು. ಪ್ರತಿ ಜಮೀನಿಗೂ ಶೇ 10ರ ಮರ ಎಂಬ ಷರತ್ತು ಆಮೇಲೆ ಹೋಯಿತು. ಆಲಿಸಿದೆವು ಎಂದು ಸರ್ಕಾರ, ಮಣಿಸಿದೆವು ಎಂದು ವಿರೋಧ ಪಕ್ಷ.

ಆ ವರ್ಷ ಪ್ರಶ್ನೆಗಳಿಗೆ ಒಬ್ಬ ನಾಯಕನ ಕುರ್ಚಿಯೂ ಹೋಯಿತು. ಮಾರ್ಚ್‌ನಲ್ಲಿ ಡ್ರೇಕ್‌ಫರ್ಡ್ ಅವರಿಂದ ಅಧಿಕಾರ ವಹಿಸಿಕೊಂಡ ವಾನ್ ಗೆದಿಂಗ್, ನಾಯಕತ್ವದ ಸ್ಪರ್ಧೆಗೆಂದು ಪಡೆದ 2 ಲಕ್ಷ ಪೌಂಡ್ ದೇಣಿಗೆಯ ಬಗ್ಗೆ ವಾರವಾರವೂ ಉತ್ತರಿಸಬೇಕಾಯಿತು. ಕೊಟ್ಟ ಕಂಪನಿಯ ಒಡೆಯನಿಗೆ ಪರಿಸರ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ನಿಯಮ ಮುರಿದಿಲ್ಲ ಎಂಬುದು ಅವರ ಉತ್ತರ. ಕೇಳುತ್ತಿದ್ದವರ ಪ್ರಶ್ನೆ ನಿಯಮದ್ದಾಗಿರದೆ ವಿವೇಚನೆಯದ್ದಾಗಿತ್ತು. ಜೂನ್ 5ರಂದು 29–27ರಿಂದ ವಿಶ್ವಾಸ ಕಳೆದುಕೊಂಡು, ಜುಲೈನಲ್ಲಿ ರಾಜೀನಾಮೆ ಘೋಷಿಸಿದರು. ಅವರ ನಂತರ ಬಂದ ಎಲುನೆಡ್ ಮಾರ್ಗನ್ ಆ ಹುದ್ದೆಗೇರಿದ ಮೊದಲ ಮಹಿಳೆ.

ಇಷ್ಟೆಲ್ಲ ಕೇಳುತ್ತಿದ್ದವರು ಎಷ್ಟು ಮಂದಿ? 60ರಲ್ಲಿ ಸಚಿವರು, ಉಪಸಚಿವರು ಸೇರಿ ಸುಮಾರು 14 ಜನ ಉತ್ತರಿಸುವ ಕಡೆ. ಸಭಾಧ್ಯಕ್ಷೆ, ಉಪಾಧ್ಯಕ್ಷರು ಪೀಠದ ಕಡೆ. ಉಳಿದ 44ರಲ್ಲೂ ಆಡಳಿತ ಪಕ್ಷದವರಿದ್ದರು. ತಮ್ಮ ಸರ್ಕಾರದ ಸಾಧನೆ ಹೇಳಿಸಲೆಂದೇ ಪ್ರಶ್ನೆ ಕೇಳುವವರಿದ್ದರು. ಒಬ್ಬೊಬ್ಬರು ಎರಡು ಮೂರು ಸಮಿತಿಗಳಲ್ಲಿ ದುಡಿಯಬೇಕಿತ್ತು. ಸ್ಕಾಟ್ಲೆಂಡ್‌ನ ಸದನದಲ್ಲಿ 129, ಉತ್ತರ ಐರ್ಲೆಂಡ್‌ನಲ್ಲಿ 90 ಸದಸ್ಯರಿದ್ದಾರೆ. 80 ಸದಸ್ಯರು ಬೇಕೆಂದು 2004ರಲ್ಲೇ ರಿಚರ್ಡ್ ಆಯೋಗ ಹೇಳಿತ್ತು. ಕೊನೆಗೆ 2024ರ ಕಾಯಿದೆ, 2026ರ ಮೇ ಚುನಾವಣೆಯಿಂದ ಸದಸ್ಯಬಲವನ್ನು 96ಕ್ಕೆ ಏರಿಸಿತು. ಸಭಾಂಗಣ ಹಿಗ್ಗಿಸಲು 2025ರಲ್ಲಿ ಬಡಗಿಗಳು ಬಂದರು. ಕಲಾಪ ಪಕ್ಕದ ಟೀ ಹವೆಲ್ ಕಟ್ಟಡಕ್ಕೆ ಹೋಯಿತು. ಅದೇ ಹಣದಲ್ಲಿ ನರ್ಸ್‌ಗಳನ್ನು ನೇಮಿಸಬಾರದೇ ಎಂದು ವಿರೋಧಿಸಿದವರೂ ಇದ್ದರು. ಅದಕ್ಕೂ ಒಂದು ಉತ್ತರವಿದೆ: ನರ್ಸ್‌ಗಳು ಯಾಕೆ ಸಾಲುತ್ತಿಲ್ಲ ಎಂದು ಬಿಡದೆ ಕೇಳಲು ಯಾರಾದರೂ ಬೇಕಲ್ಲ.

ಆದರೆ ಹೊಸ ಕುರ್ಚಿಗಳಷ್ಟರಿಂದಲೇ ಪ್ರಶ್ನೆಗೆ ಮೊನಚು ಬರುವುದಿಲ್ಲ. ಅಧಿಕಾರ ಎರಡು ಕಡೆ ಹಂಚಿಹೋದ ನಾಡಿನಲ್ಲಿ ಸರ್ಕಾರಕ್ಕೆ ಜಾರಿಕೊಳ್ಳಲು ಸದಾ ಒಂದು ಹಿತ್ತಲ ಬಾಗಿಲಿರುತ್ತದೆ. ಇಪ್ಪತ್ತು ಮೈಲಿಯ ಚರ್ಚೆಯಲ್ಲಿ ಆ ಬಾಗಿಲು ಇರಲಿಲ್ಲ. ಕಲ್ಲಿದ್ದಲ ದಿಬ್ಬದ ಚರ್ಚೆಯಲ್ಲಿ ಅದನ್ನು ಪ್ರಶ್ನಿಸುವವರೇ ಮುಚ್ಚಬೇಕಾಯಿತು. ಯಾವ ಕಾಯಿದೆ, ಯಾವ ಸಾಲಿನ ಹಣ, ಯಾವ ಅಧಿಕಾರಿ ಎಂದು ಮನೆಪಾಠ ಮಾಡಿಕೊಂಡು ಬಂದು, ಲಂಡನ್ ಮಾಡಬೇಕಾದ್ದು ಹಾಗಿರಲಿ, ನಿಮ್ಮ ಕೈಯಲ್ಲಿರುವುದನ್ನು ಯಾವಾಗ ಮಾಡುತ್ತೀರಿ ಎಂದು ಕೇಳಿದ ಸದಸ್ಯನ ಮುಂದೆ ಮಾತ್ರ ಸಚಿವರು ಗುರುತುಚೀಟಿಯ ಕಡತವನ್ನು ಮುಚ್ಚಿಟ್ಟು ಸ್ವಂತ ಮಾತಿನಲ್ಲಿ ಉತ್ತರಿಸಬೇಕಾಗುತ್ತದೆ. ಹಾಗೆ ಪ್ರಶ್ನಿಸುವವರು 96ರಲ್ಲಿ ಹತ್ತು ಜನ ಸಿಕ್ಕರೂ ಹೆಚ್ಚಿಸಿದ ಕುರ್ಚಿಗಳ ಬೆಲೆ ವಸೂಲಾದಂತೆ.